ಭರಣಿಯ ಬಾಯಿ, ಅತ್ತೆಯ ಕೈ

ಇವತ್ತು ಮಾಡಿದ ಕೆಲಸ ಇಷ್ಟು. ಎದ್ದು ಒಲೆ ಹಚ್ಚಿದೆ. ನಿನ್ನೆ ತೊಳೆದು ಕವುಚಿಟ್ಟಿದ್ದ ಬಾಟಲಿಗಳನ್ನು ಹಂಡೆಯಲ್ಲಿ ಕುದಿಸಿ ಅಂಗಳದ ಬಿಸಿಲಿಗೆ ಸಾಲಾಗಿ ನಿಲ್ಲಿಸಿದೆ. ಶುಂಠಿಯ ಸಂದುಗಳಲ್ಲಿ ಕೂತ ಮಣ್ಣನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದು, ಒರಳಿಗೆ ಹಾಕಿ ಜಜ್ಜಿದೆ. ನಿಂಬೆಹಣ್ಣು ಹಿಂಡಿ ಬೀಜ ಸೋಸಿದೆ. ನೆಮ್ಮಾರಿನ ಹೋಂಸ್ಟೇಗೆ ಹೋಗುವ ಬಾಟಲಿಗಳನ್ನು ಕ್ರೇಟಿನಲ್ಲಿ ಜೋಡಿಸಿ ನಡುನಡುವೆ ಹುಲ್ಲು ತುರುಕಿದೆ. ದನಕ್ಕೆ ಕಲಗಚ್ಚು ಕೊಟ್ಟೆ. ಹಳೆಯ ನೂಲಿನ ಸೀರೆಯೊಂದನ್ನು ಹರಿದು ದಪ್ಪಗೆ ಸಿಂಬೆ ಸುತ್ತಿದೆ. ಆಮೇಲೆ ಅತ್ತೆಯ ಕೈಗೆ ಮುಲಾಮು ಹಚ್ಚಲು ಹೋಗಿ ಬೈಸಿಕೊಂಡೆ.

“ಇವತ್ತು ಕೈಗೆ ಎಂತದೂ ಬೇಡ ಮಾರಾಯ್ತಿ. ಬರೀ ಸೀಗೆಪುಡಿ, ಬಿಸಿನೀರು.”

ಸಿಂಬೆ ಸುತ್ತಿದ್ದಕ್ಕೂ ಬೈಸಿಕೊಂಡದ್ದಕ್ಕೂ ಕಾರಣ ಒಂದೇ. ಇವತ್ತು ಅತ್ತೆ ಮತ್ತೆ ಭರಣಿಗೆ ಕೈ ಹಾಕುವ ದಿನ. ಆ ಕೈ ಭರಣಿಗೆ ವಾಪಸು ಬರುತ್ತದೋ ಇಲ್ಲವೋ ಎಂಬ ಒಂದೇ ಚಿಂತೆಯಲ್ಲಿ ನಮ್ಮ ಮನೆಯ ಶುಂಠಿ ಕೊಯ್ಲು ಮುಗಿದು ಬೇಸಿಗೆ ಶುರುವಾಗಿತ್ತು.

ನಮ್ಮದು ಶುಂಠಿ ಬಿಯರ್ ಮಾಡುವ ಮನೆ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿದೆ. ಬಿಯರ್ ಎಂದ ಕೂಡಲೇ ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದನ್ನು ಕುಡಿದು ಯಾರೂ ತೂರಾಡಿದ್ದಿಲ್ಲ. ಮೂಗಿಗೆ ಏರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆಮೇಲೆ ಒಂದು ಒಳ್ಳೆಯ ತೇಗು. ಅಷ್ಟೇ. ಆದರೂ ಶೃಂಗೇರಿಯ ಅಂಗಡಿಯವರೊಬ್ಬರು, “ಅಮ್ಮ, ಇದು ಬಾಳ ಚೊಲೋ ಉಂಟು, ನಾನೇ ದಿನಾ ಒಂದು ಕುಡೀತೀನಿ, ಆದ್ರೆ ದೇವಸ್ಥಾನಕ್ಕೆ ಬಂದವರ ಎದುರು ಬಿಯರ್ ಅಂತ ಬರ್ದಿದ್ದನ್ನ ಎಲ್ಲಿ ಇಡ್ಲಿ?” ಎಂದು ಕೈ ಮುಗಿದರು. ಅಂದಿನಿಂದ ಶೃಂಗೇರಿಗೆ ಹೋಗುವ ಬಾಟಲಿಯ ಮೇಲೆ ‘ಶುಂಠಿ ನೊರೆಪಾನಕ’ ಎಂದಿರುತ್ತದೆ. ಒಳಗಿರುವುದು ಅದೇ.

ಇದು ನಮ್ಮ ಮನೆಗೆ ಬಂದದ್ದು ಮಾವನ ಅಪ್ಪನ ಕಾಲದಲ್ಲಿ. ಅವರು ಕಾಫಿ ತೋಟದ ಬಿಳಿ ದೊರೆಯೊಬ್ಬನ ಬಂಗಲೆಯಲ್ಲಿ ಅಡುಗೆಗಿದ್ದರು. ದೊರೆ ಗಂಟುಮೂಟೆ ಕಟ್ಟಿ ಹೊರಡುವಾಗ ಉಳಿದವರು ಕುರ್ಚಿ, ಗಡಿಯಾರ, ಗಾಜಿನ ದೀಪ ಎಂದು ಕೇಳಿ ಪಡೆದರಂತೆ. ಇವರು ಕೇಳಿದ್ದು ಅಡುಗೆಮನೆಯ ಮೂಲೆಯ ಜಾಡಿಯಲ್ಲಿದ್ದ ಹೆಪ್ಪನ್ನು. ಮೊಸರಿಗೆ ಹೆಪ್ಪು ಇರುವ ಹಾಗೆ ಶುಂಠಿ ಬಿಯರಿಗೂ ಒಂದು ಹೆಪ್ಪು ಇರುತ್ತದೆ. ನೋಡಲು ನೆನೆದ ಸಬ್ಬಕ್ಕಿಯಂತೆ, ಒತ್ತಿದರೆ ಬೆರಳಿನಿಂದ ಜಾರುವ ಹರಳುಗಳು. ದಿನಾ ಜಜ್ಜಿದ ಶುಂಠಿ, ಸಕ್ಕರೆ, ನಿಂಬೆರಸ ಕೊಟ್ಟರೆ ಬದುಕಿರುತ್ತದೆ, ಬೆಳೆಯುತ್ತದೆ. ಕೊಡದಿದ್ದರೆ ಸಾಯುತ್ತದೆ. ನಮ್ಮ ಮನೆಯಲ್ಲಿ ಸತ್ತಿಲ್ಲ. ಬಾಣಂತನ, ಮದುವೆ, ಸೂತಕ, ಯಾವುದರ ನಡುವೆಯೂ ಅದಕ್ಕೊಬ್ಬರು ಬೆಳಗಿನ ಊಟ ಕೊಟ್ಟಿದ್ದಾರೆ.

ಊಟ ಕೊಟ್ಟರೆ ಸಾಲದು, ಕೈಯಾಡಿಸಬೇಕು. ಹರಳುಗಳು ಆಳದ ಭರಣಿಯ ತಳಕ್ಕೆ ಇಳಿದು ಕೂತುಬಿಡುತ್ತವೆ. ಸೌಟು ಹಾಕಿದರೆ ಜಜ್ಜಿ ಹೋಗುತ್ತವೆ. ಮೊಣಕೈವರೆಗೆ ತೊಳೆದ ಕೈಯನ್ನು ಇಳಿಸಿ, ಬೆರಳು ಅಗಲಿಸಿ, ತಳದಿಂದ ಅವುಗಳನ್ನು ಮೇಲಕ್ಕೆ ಎಬ್ಬಿಸಬೇಕು. ಈ ಕೆಲಸಕ್ಕೆ ಮನೆಯಲ್ಲಿ ಒಂದು ಕಾಲಕ್ಕೆ ಒಂದೇ ಕೈ ಎಂಬುದು ನಮ್ಮಲ್ಲಿನ ಕ್ರಮ. ಅತ್ತೆ ಮದುವೆಯಾಗಿ ಬಂದ ಮೇಲೆ ಅವರ ಅತ್ತೆ ತನ್ನ ಕೈಯ ಜೊತೆ ಇವರ ಕೈಯನ್ನೂ ಭರಣಿಗೆ ಇಳಿಸಿ ಒಪ್ಪಿಸಿದ್ದರಂತೆ. ನಾನು ಈ ಮನೆಗೆ ಬಂದು ತಲೆಗೂದಲು ಬೆಳ್ಳಗಾದರೂ ಅತ್ತೆ ನನಗೆ ಒಪ್ಪಿಸಿರಲಿಲ್ಲ. ನನಗೂ ಅವಸರವಿರಲಿಲ್ಲ. ಅವರು ಆ ಭರಣಿಯ ಎದುರು ನಿಂತಾಗ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ನೋಡಿದವರು ಯಾರೂ ಅವರನ್ನು ಅಲ್ಲಿಂದ ಸರಿಯಿರಿ ಎನ್ನುತ್ತಿರಲಿಲ್ಲ.

ಇನ್ನೊಂದು ಕ್ರಮವೂ ಇದೆ. ಗೇಟಿನ ಒಳಗೆ ಕೆಮಿಕಲ್ ಬಾಟಲಿ ಬರುವಂತಿಲ್ಲ. ಶುಂಠಿ ಹಾಕಿದವರೆಲ್ಲ ಕೊಳೆರೋಗಕ್ಕೆ ಹೆದರಿ ಡ್ರಮ್ಮುಗಟ್ಟಲೆ ಔಷಧಿ ಸುರಿಯುವ ಊರಿನಲ್ಲಿ ಮಾವ ಇದ್ದಷ್ಟು ದಿನ ಹಟ ಹಿಡಿದು ಬರೀ ಗೊಬ್ಬರ, ಬೂದಿ, ಸೊಪ್ಪಿನಲ್ಲೇ ಬೆಳೆದರು. ಅವರು ಹೋದ ಮೇಲೆ ಅತ್ತೆ ಆ ಹಟವನ್ನು ಇನ್ನೂ ಬಿಗಿ ಮಾಡಿದರು. ನಮ್ಮಲ್ಲಿ ಫಿನಾಯಿಲೂ ಇಲ್ಲ. ಹದ ಮೀರಿ ಹುಳಿಯಾದ ಬಿಯರನ್ನು ಬೇರೆ ಭರಣಿಯಲ್ಲಿ ವರ್ಷಗಟ್ಟಲೆ ಇಟ್ಟು ಹುಳಿನೀರು ಮಾಡುತ್ತೇವೆ, ಪೇಟೆಯವರು ವಿನೆಗರ್ ಅನ್ನುವುದು ಅದಕ್ಕೇ. ನೆಲ ಒರೆಸುವುದಕ್ಕೆ ಅದು, ಮಾವಿನ ಮಿಡಿ ಹಾಕಿಡುವುದಕ್ಕೆ ಅದು, ಕಣಜ ಕಚ್ಚಿದರೂ ಅದು. ಆ ಹುಳಿನೀರಿನ ಮೇಲಿನ ನಂಬಿಕೆಯೇ ಮುಂದೆ ನಮ್ಮನ್ನು ಪೇಚಿಗೆ ಸಿಕ್ಕಿಸಿದ್ದು.

ಅತ್ತೆಯ ಬಲ ಮುಂಗೈಯ ಒಳಮೈಯಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ಒಂದು ಕಪ್ಪು ಕಲೆ ಇತ್ತು. ಹೋದ ವರ್ಷದವರೆಗೆ ಬರೀ ಕಲೆ. ಈ ಸಲ ಅದು ದಪ್ಪಗಾಗಿ, ಆನೆಯ ಚರ್ಮದ ಹಾಗೆ ಗೆರೆಗೆರೆಯಾಗಿ, ನಡುವೆ ಬಿರುಕು ಬಿಟ್ಟಿತು. ಬಿರುಕು ಮಾಯಲಿಲ್ಲ. ಅತ್ತೆ ಉದ್ದ ತೋಳಿನ ರವಿಕೆ ಹೊಲಿಸಿಕೊಂಡರು. ನಾನು ಕೇಳಿದರೆ “ಸೊಳ್ಳೆ” ಎಂದರು. ಇಷ್ಟು ದೊಡ್ಡ ಸೊಳ್ಳೆಯನ್ನು ನಾನು ಕಂಡಿರಲಿಲ್ಲ.

ಆಹಾರ ಪರವಾನಗಿ ಹೊಸದು ಮಾಡಿಸಬೇಕೆಂದರೆ, ಪಾನೀಯ ಮುಟ್ಟುವ ಪ್ರತಿಯೊಬ್ಬರೂ ಡಾಕ್ಟರ ಕೈಯಲ್ಲಿ ಸರ್ಟಿಫಿಕೇಟು ಬರೆಸಬೇಕು. ಕೊಪ್ಪದ ಡಾಕ್ಟರು ನನಗೂ ನಮ್ಮನೆಯವರಿಗೂ ಬರೆದುಕೊಟ್ಟರು. ಅತ್ತೆಯ ತೋಳು ಸರಿಸಿ ನೋಡಿ ಪೆನ್ನು ಕೆಳಗಿಟ್ಟರು.

“ಅಮ್ಮ, ಇದನ್ನ ಚರ್ಮದ ಡಾಕ್ಟರಿಗೆ ತೋರ್ಸಿ. ಅವರು ಸರಿ ಅಂದ್ರೆ ನಾನು ಬರೀತೀನಿ. ಅಲ್ಲಿವರೆಗೆ ಈ ಕೈ ಭರಣಿಗೆ ಹಾಕ್ಬೇಡಿ.”

ದಾರಿಯುದ್ದಕ್ಕೂ ಅತ್ತೆ ರವಿಕೆಯ ಬಲ ತೋಳನ್ನು ಎಳೆದೆಳೆದು ಮುಚ್ಚಿಕೊಂಡರು. ಮನೆಗೆ ಬಂದು ಸೆರಗಿನಲ್ಲಿ ಕೈ ಸುತ್ತಿಕೊಂಡು ಕೂತು ಒಂದೇ ಒಂದು ಕೇಳಿದರು. “ಆ ಕಾಯಿಲೆ ಆಗಿದ್ರೆ ಕೈ ತೆಗೀತಾರಾ?” ಹೆಸರು ಹೇಳಲಿಲ್ಲ. ಹೇಳುವುದು ಬೇಕಾಗಿರಲಿಲ್ಲ.

ಚರ್ಮದ ಡಾಕ್ಟರು ವಾರಕ್ಕೊಮ್ಮೆ ಶಿವಮೊಗ್ಗದಿಂದ ಕೊಪ್ಪಕ್ಕೆ ಬರುವ ಹೆಣ್ಣುಮಗಳು. ನನಗಿಂತ ಸಣ್ಣವರು. ಕಲೆಯನ್ನು ಭೂತಕನ್ನಡಿಯಂಥದ್ದರಲ್ಲಿ ಬಹಳ ಹೊತ್ತು ನೋಡಿ, “ಅಜ್ಜಿ, ದಿನಾ ಏನು ಕೆಲಸ ಮಾಡ್ತೀರಿ?” ಎಂದು ಕೇಳಿದರು.

“ಎಂತ ಇರ್ತದೆ ಹೆಂಗಸ್ರಿಗೆ? ಮನೆಗೆಲಸ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಭರಣಿಯ ವಿಷಯ ಹೇಳಿದರೆ ಅದನ್ನೇ ಶಾಶ್ವತವಾಗಿ ಬಿಡಿಸುತ್ತಾರೆ ಎಂಬ ಹೆದರಿಕೆ ಅವರಿಗೆ.

“ಮಾಯದ ಗಾಯ ಅಂದ್ರೆ ಕೆಲವು ಸಲ ಕ್ಯಾನ್ಸರ್ ಇರಬಹುದು, ಹೆಚ್ಚಿನ ಸಲ ಇರಲ್ಲ,” ಎಂದರು ಡಾಕ್ಟರು, ಸುತ್ತಿ ಬಳಸದೆ. “ಕಣ್ಣಲ್ಲಿ ನೋಡಿ ಹೇಳಕ್ಕಾಗಲ್ಲ. ಒಂದು ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸೋಣ.”

“ತುಣುಕು ಅಂದ್ರೆ? ಕುಯ್ಯದಾ?”

“ಮೂರು ದಾರಿ ಇದೆ ಅಜ್ಜಿ. ಚರ್ಮದ ಮೇಲೆ ಎದ್ದ ಗಂಟಾದರೆ ಬ್ಲೇಡಲ್ಲಿ ತೆಳ್ಳಗೆ ಹೆರೆದು ತೆಗೀತೀವಿ. ಇಡೀ ಗಂಟನ್ನೇ ತೆಗೀಬೇಕು ಅಂದ್ರೆ ಸುತ್ತ ಕತ್ತರಿಸಿ ಹೊಲಿಗೆ ಹಾಕ್ತೀವಿ. ನಿಮ್ಮದು ಎರಡೂ ಅಲ್ಲ. ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡ್ಬೇಕು. ಅದಕ್ಕೆ ಇದು.” ಪೆನ್ನಿನಂಥ ಒಂದು ಉಪಕರಣ ತೋರಿಸಿದರು. ತುದಿಯಲ್ಲಿ ಉಕ್ಕಿನ ಪುಟ್ಟ ಕೊಳವೆ, ಅದರ ಅಂಚು ಹರಿತ. ಪಂಚ್ ಅನ್ನುತ್ತಾರಂತೆ.

ಅತ್ತೆ ಕತ್ತು ಮುಂದೆ ಚಾಚಿ ನೋಡಿದರು. “ಅಕ್ಕಿ ಮೂಟೆಗೆ ಚುಚ್ಚಿ ಅಕ್ಕಿ ತೆಗೆದು ನೋಡ್ತಾರಲ್ಲ ಅಂಗಡೀಲಿ, ಹಂಗೇ ಉಂಟು.”

“ಹಾಗೇ ಅಜ್ಜಿ. ಮೇಲಿನ ಅಕ್ಕಿ ನೋಡಿ ಮೋಸ ಹೋಗಬಾರದು ಅಂತ ತಾನೆ ಚುಚ್ಚೋದು? ಇದ್ರಲ್ಲಿ ಮೇಲಿನ ಪದರ, ನಡುವಿನದು, ಅಡಿಯ ಕೊಬ್ಬು, ಮೂರೂ ಒಟ್ಟಿಗೆ ಸಿಗ್ತದೆ.”

“ಅಕ್ಕಿ ಚೊಲೋ ಇಲ್ದೇ ಇದ್ರೆ ಮೂಟೆ ವಾಪಸು ಕಳಿಸ್ತಾರೆ,” ಎಂದರು ಅತ್ತೆ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಮರಗಟ್ಟುವ ಇಂಜೆಕ್ಷನ್ನಿಗೆ ಅತ್ತೆ “ಸ್” ಎಂದರು, ಅಷ್ಟೇ. ಡಾಕ್ಟರು ಗಾಯದ ನಡುವಿನಿಂದ ತೆಗೆಯಲಿಲ್ಲ. ನಡುವೆ ಬರೀ ಕೊಳೆತದ್ದು ಸಿಗಬಹುದು, ಕಲೆಯ ಅಂಚಿನಲ್ಲಿ ತೆಗೆದರೆ ಏನು ನಡೆಯುತ್ತಿದೆ ಎಂದು ಗೊತ್ತಾಗುತ್ತದೆ ಎಂದರು. ಕೊಳವೆಯನ್ನು ಚರ್ಮಕ್ಕೆ ಒತ್ತಿ ಎರಡು ಬೆರಳಲ್ಲಿ ತಿರುಗಿಸಿದರು, ಚಿಮುಟದಲ್ಲಿ ಮೆಲ್ಲಗೆ ಎತ್ತಿದರು, ಬುಡ ಕತ್ತರಿಸಿದರು. ಬಂದದ್ದು ಕಾಳುಮೆಣಸಿನ ಗಾತ್ರದ ತುಣುಕು. ಒಂದು ಹೊಲಿಗೆ ಬಿತ್ತು. ತುಣುಕನ್ನು ಪುಟ್ಟ ಡಬ್ಬಿಯ ನೀರಿನಂಥ ದ್ರವಕ್ಕೆ ಹಾಕಿ, ಹೆಸರು ಅಂಟಿಸಿ, ನನ್ನ ಕೈಗೆ ಕೊಟ್ಟರು. ಶಿವಮೊಗ್ಗದ ಲ್ಯಾಬಿಗೆ ಮನೆಯವರೇ ತಲುಪಿಸಬೇಕು, ಮುಚ್ಚಳ ತೆಗೆಯಬಾರದು.

ಅವತ್ತು ಶಿವಮೊಗ್ಗಕ್ಕೆ ಹೋಗಿಬರುವಷ್ಟು ಹೊತ್ತಿರಲಿಲ್ಲ. ಬೆಳಗ್ಗೆ ನಮ್ಮನೆಯವರು ಒಯ್ಯುವುದೆಂದಾಯಿತು. ಡಬ್ಬಿಯನ್ನು ಜಗಲಿಯ ಗೂಡಿನಲ್ಲಿ ಇಟ್ಟೆ. ಬೆಳಗ್ಗೆ ಅವರು ಅದನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಹೋದರು, ಲ್ಯಾಬಿಗೆ ಕೊಟ್ಟು ಬಂದರು. ನಾವು ಕಾದೆವು.

ವರದಿಯ ಬದಲು ಫೋನು ಬಂತು. ಮಾತಾಡಿದವನು ಲ್ಯಾಬಿನವನು. ನಮ್ಮನೆಯವರು ಸ್ಪೀಕರಿಗೆ ಹಾಕಿದರು.

“ಸರ್, ಪೀಸನ್ನ ಎಂಥದ್ರಲ್ಲಿ ಹಾಕಿ ಕೊಟ್ರಿ? ಡಬ್ಬಿ ತೆಗೆದ್ರೆ ಉಪ್ಪಿನಕಾಯಿ ವಾಸನೆ ಬರ್ತಿದೆ. ಪೀಸು ಬೆಂದ ಹಾಗೆ ಆಗಿದೆ, ಏನೂ ಕಾಣ್ತಿಲ್ಲ. ಮತ್ತೆ ಹೊಸದು ತೆಗೆಸ್ಬೇಕು.”

ನಾವಿಬ್ಬರೂ ಒಟ್ಟಿಗೆ ಅತ್ತೆಯ ಕಡೆ ತಿರುಗಿದೆವು. ಅವರು ಶುಂಠಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ಹೌದು, ನಾನೇ. ನೀವು ಹಾಲು ಕರೀತಿದ್ರಲ್ಲ, ಆವಾಗ. ಎಂಥಾ ನಾತ ಅಂತ ಗೊತ್ತಾ ಅದು? ಪಕ್ಕದ ತೋಟದವ್ರು ಶುಂಠಿಗೆ ಹೊಡೀತಾರಲ್ಲ, ಅದರಪ್ಪ. ನನ್ನ ಮೈಯ ತುಂಡನ್ನ ಅದ್ರಲ್ಲಿ ರಾತ್ರಿಯಿಡೀ ಬಿಡದಾ? ಅದೂ ಈ ಗೇಟಿನ ಒಳಗೆ?”

“ಅಮ್ಮ, ಅದನ್ನ ಚೆಲ್ಲಿದ್ದೆಲ್ಲಿ?” ಎಂದರು ನಮ್ಮನೆಯವರು.

“ಗೇಟಿನ ಆಚೆ. ಗುಂಡಿ ತೋಡಿ ಮುಚ್ಚಿದೆ. ನಮ್ಮ ಜಾಗಕ್ಕೆ ಒಂದು ಹನಿ ಬಿದ್ದಿಲ್ಲ. ತುಂಡನ್ನ ಚೊಲೋ ತೊಳೆದು ನಮ್ಮ ಹಳೇ ಹುಳಿನೀರಿಗೆ ಹಾಕಿದೆ. ಮೂರು ವರ್ಷದ ಮಿಡಿ ಕೆಡ್ಲಿಲ್ಲ ಅದ್ರಲ್ಲಿ, ಒಂದು ರಾತ್ರೀಲಿ ನಾನು ಕೆಡ್ತೀನಾ?”

ನಮ್ಮನೆಯವರು ಹಣೆ ಹಿಡಿದುಕೊಂಡರು. ಆಮೇಲೆ ಅವರ ಹೆಗಲು ಅಲುಗತೊಡಗಿತು. “ಅಮ್ಮ, ನೀನು ನಿನ್ನನ್ನೇ ಉಪ್ಪಿನಕಾಯಿ ಹಾಕ್ಕೊಂಡೆಯಲ್ಲೇ!” ಎಂದು ಕೂತಲ್ಲಿಯೇ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅತ್ತೆಯೂ ಸ್ವಲ್ಪ ನಕ್ಕು, ಮತ್ತೆ ಕುಯ್ಯಿಸಬೇಕು ಎಂಬುದು ಹೊಳೆದ ಕೂಡಲೇ ಮುಖ ಗಂಟಿಕ್ಕಿದರು.

“ನಾನು ಇನ್ನು ಕೊಡದಿಲ್ಲ. ಒಂದ್ಸಲ ಕೊಟ್ಟಾಯ್ತು.”

ಆ ಹಟ ವಾರಗಟ್ಟಲೆ ನಡೆಯಿತು. ಕೊಪ್ಪದ ಡಾಕ್ಟರು ಹೇಳಿದ ದಿನದಿಂದ ಭರಣಿಗೆ ನಾನೇ ಕೈ ಹಾಕುತ್ತಿದ್ದೆ. ಒಪ್ಪಿಸಿದ್ದಲ್ಲ, ಬೇರೆ ದಾರಿಯಿರಲಿಲ್ಲ. ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಕೈಗಳೆರಡನ್ನೂ ಮಡಿಲಲ್ಲಿ ಕಟ್ಟಿಕೊಂಡು, ಬಾಯಿಯನ್ನು ಮಾತ್ರ ಕಟ್ಟಿಕೊಳ್ಳದೆ ಪಾಠ ಹೇಳುತ್ತಿದ್ದರು.

“ಬೆರಳು ಅಗಲ ಮಾಡು. ಇಡ್ಲಿ ಹಿಟ್ಟು ಕಲಸ್ದಂಗೆ ಕಲಸ್ಬೇಡ. ಎಬ್ಬಿಸು, ಎಬ್ಬಿಸು. ಮಲಗಿದ ಮಗೂನ ಎಬ್ಬಿಸ್ದಂಗೆ.”

“ಮಗು ಎದ್ದರೆ ಅಳ್ತದೆ ಅತ್ತೆ.”

“ಇದು ಅತ್ತರೇ ಚಂದ. ನೊರೆ ಬರ್ತದೆ.”

ನೊರೆ ಸರಿಯಾಗಿ ಬರುತ್ತಿರಲಿಲ್ಲ. ಬಾಟಲಿ ತೆಗೆದರೆ ‘ಟಪ್’ ಎನ್ನುವ ಬದಲು ನಿಟ್ಟುಸಿರು ಬಿಟ್ಟಂತೆ ‘ಉಸ್’ ಎನ್ನುತ್ತಿತ್ತು. ಬೇಸಿಗೆಯ ವ್ಯಾಪಾರ ಶುರುವಾಗುವ ಹೊತ್ತು. ಅತ್ತೆ ಮುಖ ನೋಡದೆ ಎದ್ದು ಹೋಗುತ್ತಿದ್ದರು. ರಾತ್ರಿ ಅವರ ಕೋಣೆಯಲ್ಲಿ ಮಂಚ ಕಿರುಗುಟ್ಟುವುದು ನಾನು ಮಲಗುವವರೆಗೂ ಕೇಳುತ್ತಿತ್ತು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊರಕೆ ಹೊಡೆಯುತ್ತಿದ್ದ ಹೆಂಗಸು ಅವರು.

ಒಂದು ಮಧ್ಯಾಹ್ನ ಊಟದ ಪಾತ್ರೆ ತೊಳೆಯುತ್ತಿದ್ದೆ. ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬು ತಿಕ್ಕುವಾಗ ಬಲ ಮುಂಗೈಯಲ್ಲಿ ಚುರ್ ಎಂದಿತು. ತಿರುಗಿಸಿ ನೋಡಿದೆ. ಒಳಮೈಯಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ಅಡ್ಡಕ್ಕೆ ಒಂದು ಕೆಂಪು ಗೆರೆ. ಬಳೆಯ ಗುರುತು ಎಂದುಕೊಂಡೆ. ಬಳೆ ಅಷ್ಟು ಮೇಲೆ ಹೋಗುವುದಿಲ್ಲ. ಬೆಕ್ಕು ಪರಚಿದ್ದೂ ಅಲ್ಲ, ಬೆಕ್ಕು ಇಷ್ಟು ನೇರಕ್ಕೆ ಗೆರೆ ಎಳೆಯುವುದಿಲ್ಲ. ಚೊಂಬನ್ನು ಅಲ್ಲೇ ಬಿಟ್ಟು ಒದ್ದೆ ಕೈಯಲ್ಲೇ ಭರಣಿಯ ಕೋಣೆಗೆ ಹೋದೆ. ಮುಚ್ಚಳದ ಬಟ್ಟೆ ಬಿಚ್ಚಿ, ಕೈ ಇಳಿಸದೆ, ಇಳಿಸುವ ಹಾಗೆ ಭರಣಿಯ ಬಾಯಿಯ ಮೇಲೆ ತೋಳು ಒರಗಿಸಿದೆ.

ಗೆರೆ ಸರಿಯಾಗಿ ಅಂಚಿನ ಮೇಲೆ ಕೂತಿತು. ಬೆರಳಾಡಿಸಿ ನೋಡಿದರೆ, ಆ ಕಡೆಯಲ್ಲಿ ಭರಣಿಯ ಹೊಳಪು ಸವೆದು ಹೋಗಿ ಒಳಗಿನ ಒರಟು ಮಣ್ಣು ಎದ್ದಿದೆ, ಬೆಕ್ಕಿನ ನಾಲಗೆಯ ಹಾಗೆ.

“ಅತ್ತೆ! ಇಲ್ಲಿ ಬನ್ನಿ! ಕೈ ಕೊಡಿ!”

ಅವರು ಹೆದರಿ ಓಡಿಬಂದರು. ನಾನು ಅವರ ತೋಳು ಸರಿಸಿ ನನ್ನ ಕೈಯ ಪಕ್ಕಕ್ಕೆ ಹಿಡಿದೆ. ನನ್ನ ಕೆಂಪು ಗೆರೆ ಇದ್ದಲ್ಲೇ ಅವರ ಕಪ್ಪು ಕಲೆ. ನಾನು ಹಾಕಿದ್ದು ಕೆಲವು ವಾರ. ಅವರು ಹಾಕಿದ್ದು ಒಂದು ಬಾಳು.

ಅತ್ತೆ ಭರಣಿಯನ್ನು ನೋಡಿದರು, ಕೈಯನ್ನು ನೋಡಿದರು, ಮತ್ತೆ ಭರಣಿಯನ್ನು ನೋಡಿದರು. “ಅಲ್ಲ ಮಾರಾಯ್ತಿ, ದಿನಾ ಊಟ ಕೊಟ್ಟ ಕೈಯನ್ನೇ ಕಚ್ತಾ ಇತ್ತಾ ಇದು?” ಎಂದು ಅದರ ಹೊಟ್ಟೆಗೆ ಒಂದು ಏಟು ಕೊಟ್ಟರು. ಕೊಟ್ಟ ಕೂಡಲೇ ಅದೇ ಜಾಗವನ್ನು ಸವರಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡರು. “ಆ ಡಾಕ್ಟ್ರು ಕೊಪ್ಪಕ್ಕೆ ಬರೋ ದಿನ ಯಾವ್ದು? ಹೋಗೋಣ. ಆ ಹುಡುಗಿ ಹತ್ರ ಸುಳ್ಳು ಹೇಳಿಬಿಟ್ಟಿದ್ದೆ.”

ಈ ಸಲ ಅತ್ತೆ ಕುರ್ಚಿಯಲ್ಲಿ ಕೂರುವ ಮೊದಲೇ ಶುರುಮಾಡಿದರು. ದೊರೆಯ ಬಂಗಲೆಯಿಂದ ಹಿಡಿದು ಹುಳಿನೀರಿನವರೆಗೆ ಒಂದನ್ನೂ ಬಿಡಲಿಲ್ಲ. ಹೊರಗೆ ಕಾಯುತ್ತಿದ್ದ ರೋಗಿಗಳು ಬಾಗಿಲಲ್ಲಿ ಇಣುಕಿದರು. ಡಾಕ್ಟರು ನನ್ನ ಕೆಂಪು ಗೆರೆಯನ್ನೂ ಅವರ ಕಲೆಯನ್ನೂ ಒಟ್ಟಿಗೆ ಹಿಡಿದು ನೋಡಿ, “ಇದನ್ನ ಮೊದಲೇ ಹೇಳ್ಬಾರದಿತ್ತಾ ಅಜ್ಜಿ!” ಎಂದು ಮೇಜು ತಟ್ಟಿದರು.

“ಹಂಗಾದ್ರೆ ಮತ್ತೆ ಚುಚ್ಚದು ಬೇಡ ಅಲ್ವಾ?”

“ಬೇಕು. ಉಜ್ಜಿ ಉಜ್ಜಿ ಆಗಿರಬಹುದು. ಇರಬಹುದು ಅಂತ ಸರ್ಟಿಫಿಕೇಟ್ ಬರೆಯಕ್ಕಾಗಲ್ಲ ನೋಡಿ. ಉಜ್ಜಿದ ಜಾಗದಲ್ಲೇ ಬೇರೆ ಏನೋ ಅಡಗಿ ಕೂತಿಲ್ಲ ಅಂತ ಗೊತ್ತಾಗ್ಬೇಕು.”

ಅತ್ತೆ ಯೋಚಿಸಿದರು. “ಸರಿ. ಆದ್ರೆ ಒಂದು ಹೇಳಿ. ನಮ್ಮ ಹುಳಿನೀರಿಗೆ ಎಂತ ಕಮ್ಮಿ ಆಯ್ತು?”

“ಏನೂ ಕಮ್ಮಿ ಇಲ್ಲ. ಅದ್ರಲ್ಲಿ ಮಿಡಿ ಹಾಕ್ತೀರಲ್ಲ, ಮಿಡಿ ಕೆಡಲ್ಲ. ಆದ್ರೆ ಗಿಡದಲ್ಲಿ ಇದ್ದ ಹಾಗೇ ಇರ್ತದಾ?”

“ಎಲ್ಲಿ ಇರ್ತದೆ? ಬಣ್ಣ ತಿರುಗ್ತದೆ, ಮೆತ್ತಗಾಗ್ತದೆ, ಒಳಗೆಲ್ಲ ಹುಳಿ ಹಿಡೀತದೆ. ಹಿಡೀಬೇಕು.”

“ನನಗೆ ಹಿಡೀಬಾರದು ಅಜ್ಜಿ. ಕಿತ್ತ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ನಿಲ್ಲಬೇಕು. ಆಮೇಲೆ ಅದನ್ನ ಮೇಣದಲ್ಲಿ ಕೂರಿಸಿ, ಕಾಗದಕ್ಕಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡ್ತಾರೆ. ಆ ನಾತದ ನೀರು ಮಾಡೋದು ಅಷ್ಟೇ, ಇದ್ದದ್ದನ್ನ ಇದ್ದ ಹಾಗೆ ಹಿಡಿದಿಡೋದು.”

“ಅಂದ್ರೆ ತಿರುಗಿಸೋದು ನಮ್ಮ ಕೆಲಸ, ತಿರುಗದಂಗೆ ಹಿಡಿಯೋದು ನಿಮ್ಮದು,” ಎಂದು ಅತ್ತೆ ತೋಳು ಮೇಲಕ್ಕೆ ಸರಿಸಿದರು. “ಹಾಕಿ ನಿಮ್ಮ ಕೊಳವೆ.”

ಆಚೆ ಬದಿಯ ಅಂಚಿನಿಂದ ಇನ್ನೊಂದು ಕಾಳುಮೆಣಸು ಬಂತು. ಈ ಸಲ ಡಬ್ಬಿಯನ್ನು ಅತ್ತೆ ತಾವೇ ಕೈಗೆ ತೆಗೆದುಕೊಂಡರು. ಬೆಳಗ್ಗೆಯೇ ನಮ್ಮ ಸರದಿ ಬಂದಿದ್ದರಿಂದ ಶಿವಮೊಗ್ಗಕ್ಕೆ ಹೋಗಲು ಹೊತ್ತಿತ್ತು. ಅಲ್ಲಿಂದಲೇ ನೇರವಾಗಿ, ನರಸಿಂಹರಾಜಪುರದ ಮೇಲೆ ಹೋಗುವ ಬಸ್ಸು ಹತ್ತಿದೆವು. ಅತ್ತೆ ಕಿಟಕಿಯ ಬದಿಯಲ್ಲಿ ಕೂತು ಡಬ್ಬಿಯನ್ನು ಎರಡೂ ಕೈಯಲ್ಲಿ ಮಡಿಲಲ್ಲಿ ಹಿಡಿದಿದ್ದರು. ನಮ್ಮನ್ನು ಬಲ್ಲ ಕಂಡಕ್ಟರು ಬಗ್ಗಿ ನೋಡಿದ.

“ಎಂತ ಅಮ್ಮ ಅದು, ಹೊಸ ನಮೂನೆ ಬಿಯರಾ?”

“ಅಲ್ಲ ಮಾರಾಯ. ನಾನೇ ಇದ್ದೀನಿ ಇದ್ರಲ್ಲಿ.”

ಅವನು ನನ್ನ ಮುಖ ನೋಡಿದ. ನಾನು ಟಿಕೇಟಿಗೆ ಕೈ ಚಾಚಿದೆ.

ಬಸ್ಸು ನಮ್ಮ ಮನೆಯ ತಿರುವಿಗೆ ಬಂದಾಗ ಡ್ರೈವರು ರೂಢಿಯಂತೆ ನಿಧಾನ ಮಾಡಿದ. ಗೇಟು ಕಂಡಿತು, ಗೇಟಿನಾಚೆ ಒಣಗಲು ಹರವಿದ ಶುಂಠಿ ಕಂಡಿತು. ಅತ್ತೆ ಎದ್ದು ನಿಂತು ಕೂಗಿದರು. “ಹೋಗು ಹೋಗು! ನಿಲ್ಲಿಸ್ಬೇಡ! ಇದು ಆ ಗೇಟು ದಾಟಂಗಿಲ್ಲ!” ಇಡೀ ಬಸ್ಸು ತಿರುಗಿ ನೋಡಿತು. ಶಿವಮೊಗ್ಗದಲ್ಲಿ ಲ್ಯಾಬಿನ ಹುಡುಗ ಮುಚ್ಚಳ ಸ್ವಲ್ಪ ಸಡಿಲಿಸಿ ಮೂಸಿದ. “ಈ ಸಲ ಸರಿ ಇದೆ ಅಮ್ಮ,” ಎಂದ. ಅತ್ತೆ, ಪರೀಕ್ಷೆಯಲ್ಲಿ ಪಾಸಾದವರ ಹಾಗೆ ನನ್ನ ಕಡೆ ನೋಡಿದರು.

ವರದಿಯನ್ನು ಡಾಕ್ಟರು ಕೊಪ್ಪದಲ್ಲೇ ಓದಿ ಹೇಳಿದರು. ಹಾಳೆ ಬಿಡಿಸುವಾಗ ಅತ್ತೆಯ ಎಡಗೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಹಿಡಿತ ಎಷ್ಟಿತ್ತೆಂದರೆ ಬಳೆ ಒತ್ತಿದ ಗುರುತು ಸಂಜೆವರೆಗೂ ಇತ್ತು.

“ಕ್ಯಾನ್ಸರ್ ಇಲ್ಲ ಅಜ್ಜಿ. ಬೇರೆ ಯಾವ ದೊಡ್ಡ ಕಾಯಿಲೆಯೂ ಇಲ್ಲ. ಉಜ್ಜಿ ಉಜ್ಜಿ ದಪ್ಪಗಾದ ಚರ್ಮ. ಅದು ಬಿರುಕು ಬಿಟ್ಟಲ್ಲಿ ಶುಂಠಿಯ ಖಾರ, ನಿಂಬೆಯ ಹುಳಿ ದಿನಾ ತಾಗಿ ಗಾಯ ಮಾಯ್ಲಿಲ್ಲ. ಅಷ್ಟೇ.”

ಅತ್ತೆ ಮಣಿಕಟ್ಟು ಬಿಟ್ಟರು. ಡಾಕ್ಟರು ಲ್ಯಾಬಿನಿಂದ ತರಿಸಿದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ನಸುಗೆಂಪು ಬಟ್ಟೆಯ ಮೇಲೆ ನೇರಳೆ ಚುಕ್ಕಿಗಳು, ಅಲೆಯಲೆಯಾಗಿ ಅಂಚು. ಅತ್ತೆ ಕನ್ನಡಕ ಏರಿಸಿ ನೋಡಿದರು. “ಒಳಗೆ ಇಷ್ಟು ಚಂದ ಇದ್ದೀನಾ ನಾನು? ಈ ಬಣ್ಣದ ಸೀರೆ ಒಂದು ತಗೊಳ್ಬೇಕು.”

ಗಾಯ ಪೂರ್ತಿ ಮಾಯುವವರೆಗೆ ಭರಣಿಗೆ ಕೈ ಇಲ್ಲ, ಮುಲಾಮು ತಪ್ಪಿಸುವಂತಿಲ್ಲ, ಭರಣಿಯ ಅಂಚು ಇನ್ನು ಯಾವತ್ತೂ ಚರ್ಮಕ್ಕೆ ತಾಗುವಂತಿಲ್ಲ. ಮೂರಕ್ಕೂ ಅತ್ತೆ ತಲೆಯಾಡಿಸಿದರು. ಮುಲಾಮಿನ ಟ್ಯೂಬು ಗೇಟಿನ ಒಳಗೆ ಬಂದದ್ದೇ ನಮ್ಮ ಮನೆಯ ಇತಿಹಾಸದಲ್ಲಿ ದೊಡ್ಡ ಸಂಗತಿ. ಅದಕ್ಕೊಂದು ಪ್ರತ್ಯೇಕ ಗೂಡು ಕೊಟ್ಟು, ಹಚ್ಚಿದ ಮೇಲೆ ಎಡಗೈಯನ್ನೂ ತೊಳೆಯುತ್ತಿದ್ದರು. ಅಂಚಿನ ಉಪಾಯವನ್ನೂ ಅವರೇ ಕಂಡುಕೊಂಡರು. ತಲೆಯ ಮೇಲೆ ಕೊಡ ಹೊರುವಾಗ ಇಡುವ ಬಟ್ಟೆಯ ಸಿಂಬೆಯನ್ನೇ ಭರಣಿಯ ಬಾಯಿಗೆ ತೊಡಿಸುವುದು, ದಿನಾ ಬದಲಿಸಿ ಕುದಿಸುವುದು. ಚರ್ಮ ದಿನೇ ದಿನೇ ತೆಳ್ಳಗಾಯಿತು. ಬಿರುಕು ಕೂಡಿತು. ನಿನ್ನೆ ಕೊಪ್ಪದ ಡಾಕ್ಟರು ತೋಳು ಹಿಂದೆಮುಂದೆ ತಿರುಗಿಸಿ ನೋಡಿ, ಪೆನ್ನು ತೆಗೆದು, ಸರ್ಟಿಫಿಕೇಟು ಬರೆದುಕೊಟ್ಟರು. ಅತ್ತೆ ಅದನ್ನು ಪೇಟೆಯಲ್ಲಿ ಸಿಕ್ಕವರಿಗೆಲ್ಲ ತೋರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದರು.

ಇವತ್ತು ಸೀಗೆಪುಡಿ ಹಚ್ಚಿ ಮೊಣಕೈ ದಾಟುವವರೆಗೆ ತೊಳೆದರು. ಉಗುರು ನೋಡಿಕೊಂಡರು. ಹೊಸ ಸಿಂಬೆಯನ್ನು ನಾನು ಭರಣಿಯ ಬಾಯಿಗೆ ತೊಡಿಸಿದೆ. ಅವರು ಕೈ ಇಳಿಸುವ ಮೊದಲು ತಿರುಗಿ ನನ್ನನ್ನು ಕರೆದರು.

“ನೀನೂ ತೊಳ್ಕೊಂಡು ಬಾ.”

“ನಾನ್ಯಾಕೆ ಅತ್ತೆ? ನಿಮ್ಮ ಕೈ ಬಂತಲ್ಲ.”

“ಬಂತು. ನಿನ್ನ ಕೈಗೂ ಅದು ಗುರುತು ಹಾಕಿದೆಯಲ್ಲ. ಇನ್ನೇನು ನಾನು ಒಪ್ಪಿಸದು? ಬಾ.”

ಒಂದು ಕಾಲಕ್ಕೆ ಒಂದೇ ಕೈ ಎಂಬ ಕ್ರಮ ಅಲ್ಲಿಗೆ ಮುರಿಯಿತು, ಮುರಿದವರು ಅತ್ತೆಯೇ. ಭರಣಿಯ ಬಾಯಿಯಲ್ಲಿ ಎರಡು ತೋಳಿಗೆ ಜಾಗ ಸಾಲದು, ಇಬ್ಬರೂ ಓರೆಯಾಗಿ ನಿಂತು ಇಳಿಸಿದೆವು. ತಣ್ಣಗಿನ ನೀರಿನೊಳಗೆ ಅವರ ಬೆರಳು ನನ್ನ ಬೆರಳನ್ನು ಸರಿಸಿ, ಹರಳುಗಳ ಅಡಿಗೆ ಹೋಗಿ, ಒಂದು ಸಣ್ಣ ಕುಲುಕು ಕೊಟ್ಟವು. ಇಷ್ಟು ವಾರ ಬಾಯಲ್ಲಿ ಹೇಳಿ ಹೇಳಿ ಬರದಿದ್ದದ್ದು ಅದು. ಮಣಿಕಟ್ಟಿನಿಂದಲ್ಲ, ಬೆರಳ ತುದಿಯಿಂದ. ಹರಳುಗಳು ಹೊಗೆಯಂತೆ ಮೇಲೆದ್ದವು. ಗುಳ್ಳೆಗಳು ನಮ್ಮಿಬ್ಬರ ತೋಳಿನ ಸುತ್ತ ಚುರುಚುರು ಎಂದು ಏರಿದವು.

“ಕೇಳ್ತಾ?” ಎಂದರು ಅತ್ತೆ. ಕೇಳುತ್ತಿತ್ತು. ಅತ್ತೆಯ ಕಣ್ಣಲ್ಲೂ ನೀರಿತ್ತು. ಶುಂಠಿಯ ಖಾರ ಅಷ್ಟಿರಲಿಲ್ಲ.

ಸೋಸಿ ತುಂಬಿದ ಬಾಟಲಿಗಳನ್ನು ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದೇವೆ. ಅವು ಹದಕ್ಕೆ ಬಂದ ಮೇಲೆ ಮೊದಲ ಬಾಟಲಿ ಚರ್ಮದ ಡಾಕ್ಟರಿಗೆ ಎಂದು ಅತ್ತೆ ಆಗಲೇ ಒಂದಕ್ಕೆ ಕೆಂಪು ದಾರ ಕಟ್ಟಿದ್ದಾರೆ. ಎರಡನೆಯದು ಬಸ್ಸಿನ ಕಂಡಕ್ಟರಿಗೆ. “ಪಾಪ, ಅವನು ಹೆದರಿದ್ದ.”

ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ, ಮೊಸರು, ಹುಳಿನೀರಿನಲ್ಲಿ ಹಾಕಿಟ್ಟ ಮಿಡಿ. ನಮ್ಮನೆಯವರು ಮಿಡಿಯನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿ, “ಅಮ್ಮ, ಇದು ಮಾವಿನಮಿಡಿಯೇ ತಾನೆ?” ಎಂದರು. ಅತ್ತೆ ಸೌಟು ಎತ್ತಿದರು. ಆಮೇಲೆ ತಾವೂ ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡು ತಿಂದರು. ನಾನು ಒಲೆ ಸಾರಿಸುತ್ತಿರುವಾಗಲೇ ಅವರ ಕೋಣೆಯಿಂದ ಗೊರಕೆ ಕೇಳಿಸಿತು. ಇವತ್ತು ಮನೆಯಲ್ಲಿ ಮೊದಲು ಮಲಗಿದವರು ಅತ್ತೆ.